ಗಾಲಿಯ ಮೇಲಿನ ಮನೆಗೆ ಮಟ್ಟ

ನಾವು ವಾಸಮಾಡುವ ಮನೆಯ ನೆಲ ಸಮವಾಗಿದೆಯೆಂಬುದನ್ನು ನಾವು ಯಾರೂ ದಿನವೂ ನೆನೆಯುವುದಿಲ್ಲ. ನೆನೆಯಬೇಕಾದ ಪ್ರಮೇಯವೇ ಇಲ್ಲ. ಮನೆ ಕಟ್ಟುವಾಗ ಗಾರೆಕೆಲಸದವನು ರಸಮಟ್ಟ ಇಟ್ಟು ನೋಡಿದ, ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವಿಗೆ ಬಂತು, ಕೆಲಸ ಮುಗಿಯಿತು. ಆಮೇಲೆ ನಲವತ್ತು ವರ್ಷ ನಾವು ಆ ನೆಲದ ಮೇಲೆ ಉಣ್ಣುತ್ತೇವೆ, ಮಲಗುತ್ತೇವೆ, ಮಕ್ಕಳನ್ನು ಆಡಿಸುತ್ತೇವೆ. ಆದರೆ ಈ ದಿನ ಒಂದು ಕಡೆ, ನಾಳೆ ಇನ್ನೊಂದು ಕಡೆ ನಿಲ್ಲುವ ಮನೆಯೊಂದಿದ್ದರೆ? ಅಂಥ ಮನೆಗೆ ನಿಂತ ಜಾಗದಲ್ಲೆಲ್ಲ ಹೊಸದಾಗಿ ಮಟ್ಟ ನೋಡಬೇಕು. ಅದನ್ನು ನೋಡುವ ಕ್ರಮ ಯಾವುದು, ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಈ ಹೊತ್ತು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಇದು ನಾನು ಪುಸ್ತಕ ಓದಿ ಕಲಿತದ್ದಲ್ಲ; ಅರವತ್ತೆಂಟನೆಯ ವಯಸ್ಸಿನಲ್ಲಿ, ಮಳೆಯಲ್ಲಿ ನೆನೆದು ಕಲಿತದ್ದು.

ನಾನು ಹೇಳುತ್ತಿರುವುದು ಅಮೆರಿಕದಲ್ಲಿ ಬಹಳ ಬಳಕೆಯಲ್ಲಿರುವ ಟ್ರಾವೆಲ್ ಟ್ರೇಲರ್ ಎಂಬ ಗಾಡಿಯ ವಿಷಯ. ಇಂಗ್ಲೆಂಡಿನಲ್ಲಿ ಇದನ್ನೇ ಕ್ಯಾರವಾನ್ ಎನ್ನುತ್ತಾರೆ. ಇದಕ್ಕೆ ಸ್ವಂತ ಇಂಜಿನ್ ಇಲ್ಲ. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಬೇಕು. ಒಳಗೆ ಮಂಚ, ಮೇಜು, ಗ್ಯಾಸಿನ ಒಲೆ, ಫ್ರಿಜ್ಜು, ಕೈತೊಳೆಯುವ ತೊಟ್ಟಿ, ಸ್ನಾನದ ಮೂಲೆ ಎಲ್ಲವೂ ಉಂಟು. ವಿಹಾರಕ್ಕೆಂದೇ ಇಂಥ ಮನೆಯನ್ನು ಕಟ್ಟಿಸಿದ ಮೊದಲಿಗರಲ್ಲಿ ಗಾರ್ಡನ್ ಸ್ಟೇಬಲ್ಸ್ ಒಬ್ಬರು. ಅವರು ಹಡಗಿನಲ್ಲಿ ವೈದ್ಯರಾಗಿದ್ದು ಆಮೇಲೆ ಹುಡುಗರಿಗಾಗಿ ಸಾಹಸದ ಕಥೆಗಳನ್ನು ಬರೆದವರು. 1885ರಲ್ಲಿ ಅವರು ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಹೋದ ಗಾಡಿಯ ಹೆಸರು 'ವಾಂಡರರ್', ಎಂದರೆ ಅಲೆಮಾರಿ. ಅದನ್ನು ಎಳೆದದ್ದು ಕುದುರೆಗಳು. ಮೋಟಾರು ಬಂದ ತರುವಾಯ ಅಮೆರಿಕದಲ್ಲಿ ಈ ಅಭ್ಯಾಸ ಬಹಳ ಬೆಳೆಯಿತು. 1931ರಲ್ಲಿ ವಾಲಿ ಬಯಮ್ ಎಂಬವರು ಆರಂಭಿಸಿದ ಏರ್‌ಸ್ಟ್ರೀಮ್ ಸಂಸ್ಥೆಯ ಬೆಳ್ಳಿಬಣ್ಣದ ಗಾಡಿಗಳು ಪ್ರಸಿದ್ಧವಾದವು. 1963-64ರಲ್ಲಿ ಅಂಥ ಗಾಡಿಗಳ ಸಾಲೊಂದು ಸಿಂಗಪುರದಿಂದ ಹೊರಟು ನಮ್ಮ ದೇಶವನ್ನೂ ಹಾದು ಯೂರೋಪನ್ನು ಮುಟ್ಟಿತು.

ಈಗ ನಮ್ಮ ಊರುಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಕಡಮೆಯೇನಲ್ಲ. ತಂದೆತಾಯಿಗಳು ಬೇಸಗೆಯಲ್ಲಿ ಮೂರು ತಿಂಗಳು, ನಾಲ್ಕು ತಿಂಗಳು ಹೋಗಿಬರುತ್ತಾರೆ. ಮಕ್ಕಳು ಒಂದು ದಿನ, "ಅಪ್ಪ, ಈ ಸಲ ಗಾಡಿಯಲ್ಲೇ ಹೋಗಿ ಬೆಟ್ಟದಲ್ಲಿ ಮೂರು ದಿನ ಇದ್ದುಬರೋಣ" ಎನ್ನುತ್ತಾರೆ. ನಮಗೂ ಹಾಗೆಯೇ ಆಯಿತು.

2018ರ ಜೂನ್ ತಿಂಗಳು. ನನ್ನ ಮಗಳ ಸಂಸಾರವಿದ್ದದ್ದು ಕೊಲರಾಡೊ ಸಂಸ್ಥಾನದ ಡೆನ್ವರ್ ನಗರದಲ್ಲಿ. ಅಲ್ಲಿಂದ ವಾಯವ್ಯಕ್ಕೆ ಸುಮಾರು ಎಪ್ಪತ್ತು ಮೈಲಿ ಹೋದರೆ ರಾಕಿ ಪರ್ವತಗಳ ರಾಷ್ಟ್ರೀಯ ಉದ್ಯಾನ ಸಿಗುತ್ತದೆ, 1915ರಲ್ಲಿ ಸ್ಥಾಪನೆಯಾದದ್ದು. ಅದರ ಬಾಗಿಲಲ್ಲಿರುವ ಪುಟ್ಟ ಊರು ಎಸ್ಟೆಸ್ ಪಾರ್ಕ್. ಅಳಿಯಂದಿರು ಒಂದು ಟ್ರೇಲರನ್ನು ಬಾಡಿಗೆಗೆ ತಂದರು. ನಾನು, ನನ್ನ ಹೆಂಡತಿ, ಮಗಳು, ಅಳಿಯಂದಿರು, ಒಂಬತ್ತು ವರ್ಷದ ಮೊಮ್ಮಗಳು, ಆರು ವರ್ಷದ ಮೊಮ್ಮಗ, ಒಟ್ಟು ಆರು ಜನ. ಹುಳಿಯನ್ನ, ಚಟ್ನಿಪುಡಿ, ದೋಸೆಹಿಟ್ಟು ಎಲ್ಲವನ್ನೂ ತುಂಬಿಕೊಂಡೆವು. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. ಊರಿಂದ ಒಯ್ದಿದ್ದ ಇನ್ಸುಲಿನ್ ಸೀಸೆಗಳಲ್ಲಿ ಒಡೆಯದ ಮೂರು ಸೀಸೆಗಳನ್ನು ಟ್ರೇಲರಿನ ಫ್ರಿಜ್ಜಿನಲ್ಲಿಟ್ಟೆವು. ಮನೆಯಲ್ಲೇ ಬಿಟ್ಟುಬರಬಹುದಾಗಿತ್ತು, ಆದರೆ ಔಷಧ ಕೈಯಲ್ಲಿದ್ದರೆ ಧೈರ್ಯ ಎಂದು ಆಕೆಯೇ ಇಡಿಸಿದಳು.

ಮುಂದಿನದನ್ನು ಹೇಳುವ ಮೊದಲು ಗಾಡಿಯ ರಚನೆಯನ್ನು ಸ್ವಲ್ಪ ವಿವರಿಸಬೇಕು. ರೇಡಿಯೋದಲ್ಲಿ ಚಿತ್ರ ತೋರಿಸಲು ಅವಕಾಶವಿಲ್ಲ. ಆದ್ದರಿಂದ ತಾವು ಒಂದು ಎತ್ತಿನ ಗಾಡಿಯನ್ನು ಮನಸ್ಸಿಗೆ ತಂದುಕೊಳ್ಳಿ. ನಡುವೆ ಅಚ್ಚು, ಎರಡು ಕಡೆ ಗಾಲಿ, ಮುಂದೆ ಮೂಕಿ. ಎತ್ತು ಕಟ್ಟಿದಾಗ ಮೂಕಿಯ ಭಾರ ಎತ್ತಿನ ಹೆಗಲ ಮೇಲೆ. ಎತ್ತು ಬಿಚ್ಚಿದಾಗ ಮೂಕಿಗೆ ಒಂದು ಆಸರೆ ಕೊಡಬೇಕು. ಇಲ್ಲದಿದ್ದರೆ ಅದು ನೆಲಕ್ಕೆ ಬೀಳುತ್ತದೆ. ಹಿಂದೆ ಹೇರು ಹೆಚ್ಚಾಗಿದ್ದರೆ ಮೂಕಿಯೇ ಮೇಲಕ್ಕೆ ಏಳುತ್ತದೆ. ಟ್ರೇಲರ್ ಕೂಡ ಇದೇ ಜಾತಿ. ಅದರ ಅಚ್ಚೂ ನಡುವಿನಲ್ಲೇ ಇದೆ. ನಮ್ಮದಕ್ಕೆ ಒಂದರ ಹಿಂದೆ ಒಂದರಂತೆ ಎರಡು ಅಚ್ಚು, ಎಂದರೆ ಒಂದೊಂದು ಪಕ್ಕಕ್ಕೆ ಎರಡೆರಡು ಗಾಲಿ. ಮುಂದೆ ಕಬ್ಬಿಣದ ಮೂಕಿ. ಮೂಕಿಯ ತುದಿಯಲ್ಲಿರುವ ಬಟ್ಟಲಿನಂಥ ಕೊಂಡಿ ಕಾರಿನ ಹಿಂದಿರುವ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಗಾಡಿಯ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಈ ಮೂಕಿಯ ಮೇಲೆ ಬೀಳುವಂತೆ ಸಾಮಾನು ತುಂಬಬೇಕೆಂಬುದು ಅಲ್ಲಿನ ನಿಯಮ. ಕಾರನ್ನು ಬಿಚ್ಚಿದಾಗ ಆ ಭಾರವನ್ನು ಹೊರಲು ಮೂಕಿಯಲ್ಲೇ ತಿರುಪಿನ ಜಾಕ್ ಒಂದುಂಟು. ಇನ್ನು ಗಾಡಿಯ ನಾಲ್ಕು ಮೂಲೆಗಳಲ್ಲಿ ಇಳಿಬಿಡುವ ನಾಲ್ಕು ಕಾಲುಗಳುಂಟು. ಇವನ್ನು ಆಸರೆಗಾಲುಗಳೆಂದು ಕರೆಯೋಣ. ನಮ್ಮ ತಪ್ಪೆಲ್ಲ ಈ ಆಸರೆಗಾಲುಗಳಿಂದಲೇ ಆರಂಭವಾಯಿತು.

ನಾವು ಬೆಟ್ಟ ಸೇರಿದಾಗ ಸಂಜೆ ಏಳು ಗಂಟೆ ದಾಟಿತ್ತು. ಸಣ್ಣಗೆ ಮಳೆ. ನಮಗೆ ಗೊತ್ತುಮಾಡಿದ್ದ ಜಾಗ ಎಡಕ್ಕೂ ವಾಲಿತ್ತು, ಮುಂದಕ್ಕೂ ಇಳಿಜಾರಾಗಿತ್ತು. ಮಕ್ಕಳಿಗೆ ಹಸಿವು. ಅಳಿಯಂದಿರು ಗಾಲಿಗೆ ಎರಡು ಸಣ್ಣ ಕಲ್ಲು ಕೊಟ್ಟು, ಜಾಕ್ ತಿರುಗಿಸಿ, ಕೊಂಡಿಯನ್ನು ಗುಂಡಿನಿಂದ ಎತ್ತಿದರು. ಎತ್ತಿದೊಡನೆ ಇಡೀ ಗಾಡಿ ಒಂದು ಗೇಣು ಮುಂದಕ್ಕೆ ಜರುಗಿತು. ಜಾಕಿನ ಪಾದ ಕೆಸರಿನಲ್ಲಿ ಹೂತುಕೊಂಡದ್ದರಿಂದ ನಿಂತಿತು. ನಾವೆಲ್ಲ ನಕ್ಕೆವು. "ಮಾವ, ಗಾಡಿಗೂ ಹಸಿವಾಗಿದೆ, ಊಟಕ್ಕೆ ಓಡುತ್ತಿದೆ" ಎಂದರು ಅಳಿಯಂದಿರು.

ಆಮೇಲೆ ರಸಮಟ್ಟವನ್ನು ನೆಲದ ಮೇಲಿಟ್ಟು ನೋಡಿದೆವು. ಗುಳ್ಳೆ ಬಲಕ್ಕೆ ಓಡಿತ್ತು. ಎಂದರೆ ಎಡಭಾಗ ತಗ್ಗು. ಎಡಗಡೆಯ ಎರಡು ಮೂಲೆಯ ಆಸರೆಗಾಲುಗಳನ್ನು ಬಲವಾಗಿ ತಿರುಗಿಸಿ ಗಾಡಿಯನ್ನು ಎತ್ತಿಯೇ ಬಿಟ್ಟರು. ಗುಳ್ಳೆ ನಡುವಿಗೆ ಬಂತು. ನಾನು ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು. ಛತ್ರಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಗುಳ್ಳೆ ನಡುವಿಗೆ ಬಂದದ್ದನ್ನು ಕಂಡು "ಸರಿಯಾಯಿತು" ಎಂದೆ. ಭಾರ ಯಾವುದರ ಮೇಲೆ ನಿಂತಿದೆಯೆಂದು ಕೇಳಲಿಲ್ಲ.

ರಾತ್ರಿಯೆಲ್ಲ ಗಾಡಿ ಕಿರುಗುಟ್ಟಿತು. ಒಬ್ಬರು ಮಗ್ಗುಲು ಬದಲಾಯಿಸಿದರೆ ಉಳಿದ ಐವರಿಗೂ ತಿಳಿಯುತ್ತಿತ್ತು. ಬಾಗಿಲಿನ ಚಿಲಕ ಕೂರಲಿಲ್ಲ. ಹಗ್ಗ ಕಟ್ಟಿ ಮಲಗಿದೆವು. ಬೆಳಿಗ್ಗೆ ನನ್ನ ಮಗಳು ದೋಸೆಗೆ ಹೆಂಚಿಟ್ಟಳು. ಎಣ್ಣೆಯೆಲ್ಲ ಎಡಕ್ಕೆ ಹರಿದು ನಿಂತಿತು. ದೋಸೆ ಒಂದು ಕಡೆ ಕಾಗದದಷ್ಟು ತೆಳು, ಇನ್ನೊಂದು ಕಡೆ ರೊಟ್ಟಿಯಷ್ಟು ದಪ್ಪ. ಅದಕ್ಕೂ ನಕ್ಕೆವು. ಮಧ್ಯಾಹ್ನ ತಿರುಗಾಡಿಕೊಂಡು ಬಂದು ಮೊಸರಿಗೆಂದು ಫ್ರಿಜ್ಜು ತೆರೆದಾಗ ನಗು ನಿಂತಿತು. ಒಳಗೆ ತಂಪೇ ಇರಲಿಲ್ಲ. ಹಾಲು ಒಡೆದಿತ್ತು. ಇನ್ಸುಲಿನ್ ಸೀಸೆಗಳು ಕೈಗೆ ಬೆಚ್ಚಗೆ ಹತ್ತಿದವು. ಹೊರಗೆ ಹೋಗಿ ನೋಡಿದರೆ ಎಡಗಡೆಯ ಆಸರೆಗಾಲುಗಳು ರಾತ್ರಿಯ ಮಳೆಗೆ ಮಣ್ಣಿನಲ್ಲಿ ಇಳಿದುಹೋಗಿ, ಗಾಡಿ ಮೊದಲಿನಂತೆ ಎಡಕ್ಕೆ ವಾಲಿಕೊಂಡಿತ್ತು. ಒಂದು ಕಾಲು ಬಾಗಿಯೂ ಇತ್ತು.

ಗಾಡಿ ವಾಲಿದರೆ ಫ್ರಿಜ್ಜು ಕೆಡುವುದೇಕೆ? ನಮ್ಮ ಮನೆಗಳಲ್ಲಿರುವ ಫ್ರಿಜ್ಜಿಗೆ ಕಂಪ್ರೆಸರ್ ಉಂಟು. ಅದು ವಿದ್ಯುತ್ತಿನಿಂದ ನಡೆದು ಒಳಗಿನ ಆವಿಯನ್ನು ಒತ್ತಿ ಸುತ್ತಾಡಿಸುತ್ತದೆ. ಟ್ರೇಲರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಇನ್ನೊಂದು ಬಗೆ. ಅದು ಗ್ಯಾಸಿನ ಸಣ್ಣ ಉರಿಯಿಂದ ತಂಪು ಮಾಡುತ್ತದೆ! ಕೇಳಲು ವಿಚಿತ್ರ, ಆದರೆ ನಿಜ. 1922ರಲ್ಲಿ ಸ್ಟಾಕ್‌ಹೋಮಿನಲ್ಲಿ ಓದುತ್ತಿದ್ದ ಬಾಲ್ಟ್‌ಜರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ತರುಣ ಇಂಜಿನಿಯರುಗಳು ಇದನ್ನು ಕಂಡುಹಿಡಿದರು. ಕೊಳವೆಗಳೊಳಗೆ ನೀರು, ಅಮೋನಿಯ, ಜಲಜನಕ ಇವು ಮೂರನ್ನು ತುಂಬಿ ಬೆಸೆದುಬಿಟ್ಟಿರುತ್ತಾರೆ. ಉರಿಯ ಶಾಖಕ್ಕೆ ಅಮೋನಿಯ ನೀರಿನಿಂದ ಬೇರೆಯಾಗಿ ಆವಿಯಾಗಿ ಮೇಲೇರುತ್ತದೆ. ಮೇಲೆ ತಣಿದು ದ್ರವವಾಗುತ್ತದೆ. ಕೆಳಗಿಳಿದು ಜಲಜನಕದೊಡನೆ ಸೇರಿ ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರುತ್ತದೆ. ಕೊನೆಗೆ ನೀರಿನಲ್ಲಿ ಕರಗಿ ಉರಿಯ ಬಳಿಗೆ ಹಿಂದಿರುಗುತ್ತದೆ. ಇದರಲ್ಲಿ ಚಲಿಸುವ ಯಂತ್ರಭಾಗ ಒಂದೂ ಇಲ್ಲ. ದ್ರವವು ತನ್ನ ಭಾರದಿಂದಲೇ ಇಳಿಜಾರಿನ ಕೊಳವೆಗಳಲ್ಲಿ ಇಳಿದು ಬರಬೇಕು. ಪೆಟ್ಟಿಗೆ ವಾಲಿದರೆ ಆ ಇಳಿಜಾರೇ ತಪ್ಪಿಹೋಗುತ್ತದೆ. ದ್ರವ ಎಲ್ಲೋ ಒಂದು ತಿರುವಿನಲ್ಲಿ ನಿಂತುಬಿಡುತ್ತದೆ. ಕೆಳಗೆ ಉರಿ ಮಾತ್ರ ಉರಿಯುತ್ತಲೇ ಇರುತ್ತದೆ.

ಕೇವಲ ತಂಪಾಗದೆ ಹೋದರೆ ಅಷ್ಟು ಚಿಂತೆಯಿರಲಿಲ್ಲ. ಕೊಳವೆಗೆ ಒಳಗಿನಿಂದ ತುಕ್ಕು ಹಿಡಿಯದಿರಲೆಂದು ನೀರಿನಲ್ಲಿ ಸೋಡಿಯಂ ಕ್ರೋಮೇಟ್ ಎಂಬ ಲವಣವನ್ನು ಬೆರೆಸಿರುತ್ತಾರೆ. ನೀರು ಬತ್ತಿ ಉರಿ ಹೆಚ್ಚಾದಾಗ ಆ ಲವಣ ಹರಳುಗಟ್ಟಿ ಕೊಳವೆಯನ್ನು ಮುಚ್ಚಿಬಿಡುತ್ತದೆ. ಆಮೇಲೆ ಎಷ್ಟು ಮಟ್ಟ ಮಾಡಿದರೂ ಅದು ಕರಗುವುದಿಲ್ಲ. ಕೊಳವೆ ಬಿರುಕು ಬಿಟ್ಟರೆ ಬೆಂಕಿಯ ಅಪಾಯವೂ ಉಂಟು. ಇಂಥ ಫ್ರಿಜ್ಜುಗಳ ಅನೇಕ ಕೈಪಿಡಿಗಳಲ್ಲಿ ಪೆಟ್ಟಿಗೆಯ ಎಡಬಲಕ್ಕೆ 3 ಡಿಗ್ರಿ, ಹಿಂದುಮುಂದಕ್ಕೆ 6 ಡಿಗ್ರಿಗಿಂತ ಹೆಚ್ಚು ಓರೆ ಕೂಡದೆಂದು ಹೇಳಿರುತ್ತಾರೆ. 3 ಡಿಗ್ರಿ ಎಂದರೆ ಎರಡು ಮೀಟರು ಅಗಲಕ್ಕೆ ಹತ್ತು ಸೆಂಟಿಮೀಟರಿನಷ್ಟು ತಗ್ಗು. ಅದು ಮಳೆಯ ಕತ್ತಲಲ್ಲಿ ಕಣ್ಣಿಗೆ ಕಾಣುವುದೂ ಇಲ್ಲ. ನಮ್ಮ ಗಾಡಿಯ ಅಡಿಗೆಯ ಭಾಗ ಹಿಂದುಗಡೆಯಿತ್ತು. ಫ್ರಿಜ್ಜು ಹಿಂದಿನ ಗೋಡೆಗೆ ಬೆನ್ನು ಮಾಡಿ ನಿಂತಿತ್ತು. ಆದ್ದರಿಂದ ಗಾಡಿ ಎಡಕ್ಕೆ ವಾಲಿದರೆ ಪೆಟ್ಟಿಗೆಯೂ ಎಡಕ್ಕೇ ವಾಲುತ್ತಿತ್ತು. ಗಾಡಿ ಓಡುತ್ತಿರುವಾಗ ಕುಲುಕಾಟದಿಂದ ದ್ರವ ಒಂದೇ ಕಡೆ ನಿಲ್ಲುವುದಿಲ್ಲ. ಅಪಾಯವಿರುವುದು ಓರೆಯಾಗಿ ನಿಂತಾಗ. ಈಚಿನ ಅನೇಕ ಗಾಡಿಗಳಲ್ಲಿ ಬ್ಯಾಟರಿಯಿಂದ ನಡೆಯುವ ಕಂಪ್ರೆಸರ್ ಫ್ರಿಜ್ಜು ಬಂದಿದೆ. ಅದಕ್ಕೆ ಇಷ್ಟು ನಾಜೂಕಿಲ್ಲ. ಬಾಡಿಗೆಗೆ ತರುವವರು ಯಾವ ಬಗೆಯದೆಂದು ಮೊದಲೇ ಕೇಳಿ ತಿಳಿಯುವುದು ಲೇಸು.

ಇರಲಿ. ನಾವು ಫ್ರಿಜ್ಜಿನ ಮುಂದೆ ಪೆಚ್ಚಾಗಿ ನಿಂತಿರುವಾಗ ಪಕ್ಕದ ಜಾಗದಲ್ಲಿ ಇಳಿದಿದ್ದ ಒಬ್ಬ ಮುದುಕರು ಬಂದರು. ನೆಬ್ರಾಸ್ಕದಲ್ಲಿ ಬೇಸಾಯ ಮಾಡಿ ವಯಸ್ಸಾದ ಮೇಲೆ ಹೆಂಡತಿಯೊಡನೆ ಊರೂರು ಸುತ್ತುತ್ತಿದ್ದವರು. ನಮ್ಮ ಗಾಡಿಯನ್ನು ಒಂದು ಸುತ್ತು ಬಂದು ನೋಡಿದರು. ಮೊದಲು ಮಾಡಿದ ಕೆಲಸವೆಂದರೆ ಫ್ರಿಜ್ಜನ್ನು ಆರಿಸಿಸಿದ್ದು. ಆಮೇಲೆ ನಿನ್ನೆ ಏನೇನು ಮಾಡಿದಿರೆಂದು ಕೇಳಿದರು. ಗಾಡಿ ಒಂದು ಗೇಣು ಜರುಗಿದ ಕಥೆಯನ್ನು ಅಳಿಯಂದಿರು ನಗುತ್ತಲೇ ಹೇಳಿದರು. ಮುದುಕರು ನಗಲಿಲ್ಲ.

"ಆಗ ಮಕ್ಕಳು ಎಲ್ಲಿದ್ದರು?" ಎಂದರು.

ನಾವು ಯಾರೂ ಮಾತಾಡಲಿಲ್ಲ. ಆಗ ನಮ್ಮ ಮೊಮ್ಮಗಳು ಕಾರಿಗೂ ಮೂಕಿಗೂ ನಡುವೆ ಟಾರ್ಚು ಹಿಡಿದು ನಿಂತಿದ್ದಳು. "ಬೆಳಕು ಸರಿಯಾಗಿ ಬಿಡಮ್ಮ" ಎಂದು ಅವಳನ್ನು ಅಲ್ಲಿ ನಿಲ್ಲಿಸಿದವನು ನಾನೇ. ಆ ಜಾಕ್ ಕೆಸರಿನಲ್ಲಿ ಹೂತುಕೊಳ್ಳದೆ ಇದ್ದಿದ್ದರೆ ಎಂಬ ಯೋಚನೆ ಆಗ ಮೊದಲ ಸಲ ಬಂತು. ಈಗಲೂ ಕೆಲವು ರಾತ್ರಿ ಬರುತ್ತದೆ.

ಮುದುಕರು ಹೇಳಿದ ಮಾತಿನ ಸಾರವನ್ನು ತಮಗೆ ಒಪ್ಪಿಸುತ್ತೇನೆ. ಕಾರಿಗೆ ಕೈಬ್ರೇಕು ಉಂಟು. ಅಮೆರಿಕದ ಟ್ರೇಲರಿಗೆ ಸಾಮಾನ್ಯವಾಗಿ ಅದಿಲ್ಲ. ಇಂಗ್ಲೆಂಡಿನ ಕ್ಯಾರವಾನುಗಳಲ್ಲಿ ಉಂಟು. ಅಲ್ಲಿನ ಅಭ್ಯಾಸದವರು ಇಲ್ಲಿ ಮೋಸಹೋಗಬಾರದು. ಅಮೆರಿಕದ ಟ್ರೇಲರಿನ ಬ್ರೇಕನ್ನು ಹಿಡಿಯುವುದು ಕಾರಿನಿಂದ ಬರುವ ವಿದ್ಯುತ್ತು. ಕಾರು ಬಿಚ್ಚಿದ ಮೇಲೆ ಆ ಗಾಡಿಯನ್ನು ಹಿಡಿದು ನಿಲ್ಲಿಸುವುದು ಗಾಲಿಯ ಹಿಂದೆ ಮುಂದೆ ಕೊಟ್ಟ ಬೆಣೆಯೊಂದೇ. ನಮ್ಮ ಕಡೆ ತೇರು ಎಳೆಯುವಾಗ ಗಾಲಿಯಡಿಗೆ ಮರದ ದಪ್ಪ ಬೆಣೆ ಕೊಡುವವರನ್ನು ತಾವು ನೋಡಿದ್ದೀರಿ. ಹಗ್ಗ ಹಿಡಿದು ಎಳೆಯುವವರು ಸಾವಿರ ಜನವಿದ್ದರೂ ತೇರನ್ನು ನಿಲ್ಲಿಸುವವನು ಬೆಣೆಯವನು. ಇದೂ ಹಾಗೆಯೇ.

ನಾವು ಮತ್ತೆ ಮೊದಲಿನಿಂದ ಆರಂಭಿಸಿದೆವು. ಮಕ್ಕಳನ್ನು ದೂರದ ಬೆಂಚಿನ ಮೇಲೆ ಅಜ್ಜಿಯ ಪಕ್ಕ ಕೂರಿಸಿ, ಗಾಲಿಗಳಿಗೆ ಮುದುಕರ ದೊಡ್ಡ ಬೆಣೆಗಳನ್ನು ಕೊಟ್ಟು, ಆಸರೆಗಾಲುಗಳನ್ನೆಲ್ಲ ಮೇಲಕ್ಕೆತ್ತಿ, ಕಾರನ್ನು ಮತ್ತೆ ಕಟ್ಟಿದೆವು. ಈಗ ಕ್ರಮವನ್ನು ಗಮನವಿಟ್ಟು ಕೇಳಿ.

ಮೊದಲನೆಯದು ಎಡಬಲದ ಮಟ್ಟ. ಇದನ್ನು ಕಾರು ಬಿಚ್ಚುವುದಕ್ಕೆ ಮೊದಲೇ ಮಾಡಬೇಕು. ಏಕೆಂದರೆ ಎಡಬಲವನ್ನು ಸರಿಮಾಡುವುದು ಗಾಲಿಯ ಕೆಳಗೆ. ಗಾಲಿ ಹಲಗೆಯನ್ನು ಹತ್ತಬೇಕಾದರೆ ಎಳೆಯಲು ಕಾರು ಬೇಕು. ಎಷ್ಟು ಎತ್ತಬೇಕು? ಇದಕ್ಕೆ ನಾವು ಚಿಕ್ಕಂದಿನಲ್ಲಿ ಕಲಿತ ತ್ರೈರಾಶಿ ಸಾಕು. ನಮ್ಮ ರಸಮಟ್ಟದ ಉದ್ದ 60 ಸೆಂಟಿಮೀಟರು. ಅದನ್ನು ಗಾಡಿಯ ನೆಲದ ಮೇಲೆ ಅಡ್ಡಲಾಗಿಟ್ಟು, ತಗ್ಗಾದ ತುದಿಯ ಕೆಳಗೆ ಗುಳ್ಳೆ ನಡುವಿಗೆ ಬರುವವರೆಗೆ ಏನಾದರೂ ತೂರಿಸಬೇಕು. ನಮಗೆ ಮಕ್ಕಳ ಎರಡು ಇಸ್ಪೀಟು ಕಟ್ಟುಗಳು ಬೇಕಾದವು, ಅಳೆದರೆ 3.4 ಸೆಂಟಿಮೀಟರು. ಎಡಗಾಲಿಗೂ ಬಲಗಾಲಿಗೂ ನಡುವಿನ ದೂರ 210 ಸೆಂಟಿಮೀಟರು, ಎಂದರೆ ರಸಮಟ್ಟದ ಮೂರೂವರೆ ಪಾಲು. 3.4ನ್ನು ಮೂರೂವರೆಯಿಂದ ಗುಣಿಸಿದರೆ ಸುಮಾರು 12 ಸೆಂಟಿಮೀಟರು. ಅಷ್ಟು ಎತ್ತರಕ್ಕೆ ಎಡಗಾಲಿಗಳು ಏರಬೇಕು. ಮುದುಕರ ಹಲಗೆಯೊಂದರ ದಪ್ಪ 3.8 ಸೆಂಟಿಮೀಟರು, ಮೂರು ಹಲಗೆ ಸಾಕಾಯಿತು. ಕೆಳಗಿನದು ಉದ್ದ, ಮೇಲಿನದು ಗಿಡ್ಡ, ಮೆಟ್ಟಿಲಿನಂತೆ ಜೋಡಿಸಿದರು. ಆಗ ಗಾಲಿ ಮೆಲ್ಲಗೆ ಒಂದೊಂದೇ ಮೆಟ್ಟಿಲು ಹತ್ತುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಒಂದು ಪಕ್ಕದಲ್ಲಿ ಎರಡು ಗಾಲಿಗಳಿದ್ದರೆ ಎರಡನ್ನೂ ಹತ್ತಿಸಬೇಕು. ಒಂದನ್ನೇ ಹತ್ತಿಸಿದರೆ ಎರಡು ಗಾಲಿಯ ಭಾರವೂ ಆ ಒಂದರ ಮೇಲೇ ಬೀಳುತ್ತದೆ. ಎರಡನೆಯದು, ಟೈರಿನ ಪೂರ್ತಿ ಅಗಲ ಹಲಗೆಯ ಮೇಲಿರಬೇಕು. ಅಂಚು ಹೊರಗೆ ಚಾಚಿಕೊಂಡಿದ್ದರೆ ಟೈರಿನ ಒಳಗಟ್ಟು ಹಾಳಾಗುತ್ತದೆ. ಮರದ ಹಲಗೆಯ ಬದಲು ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗಳೂ ಅಂಗಡಿಯಲ್ಲಿ ಸಿಗುತ್ತವೆ. ಯಾವುದಾದರೂ ಸರಿಯೆ.

ಎರಡನೆಯದು ಬೆಣೆ. ಗುಳ್ಳೆ ನಡುವಿಗೆ ಬಂದೊಡನೆ, ಬೇರೆ ಯಾವುದಕ್ಕೂ ಕೈಹಾಕದೆ, ಗಾಲಿಗಳ ಹಿಂದೆಯೂ ಮುಂದೆಯೂ ಬೆಣೆ ಒತ್ತಬೇಕು. ಎರಡೂ ಪಕ್ಕಕ್ಕೆ ಒತ್ತಬೇಕು. ಸಣ್ಣ ಕಲ್ಲು ಸಾಲದು. ಗಾಲಿ ಅದನ್ನು ಕೆಸರಿಗೆ ಅದುಮಿ ಹತ್ತಿಹೋಗುತ್ತದೆ.

ಮೂರನೆಯದು ಕಾರು ಬಿಚ್ಚುವುದು. ಮೂಕಿಯ ಜಾಕಿನ ಪಾದದ ಕೆಳಗೆ ಅಗಲವಾದ ಹಲಗೆಯಿಟ್ಟು ಕೊಂಡಿಯನ್ನು ಗುಂಡಿನಿಂದ ಎತ್ತಬೇಕು. ಆದರೆ ಕಾರಿಗೂ ಗಾಡಿಗೂ ಕಟ್ಟಿರುವ ಎರಡು ಸರಪಳಿಗಳನ್ನು ಆಗಲೇ ತೆಗೆಯಕೂಡದು. ಕೊಂಡಿ ಎದ್ದ ಮೇಲೆ ಗಾಡಿ ಜರುಗದೆ ನಿಂತಿದೆಯೆಂದು ಖಚಿತವಾದ ತರುವಾಯ ಸರಪಳಿ ಬಿಚ್ಚಬೇಕು. ಆ ವೇಳೆಯಲ್ಲಿ ಕಾರಿಗೂ ಗಾಡಿಗೂ ನಡುವೆ ಮಕ್ಕಳು ಕಾಲಿಡಕೂಡದು. ಗಾಡಿಯ ಹಿಂದೆಯೂ ನಿಲ್ಲಕೂಡದು.

ನಾಲ್ಕನೆಯದು ಹಿಂದುಮುಂದಿನ ಮಟ್ಟ. ಇದು ಸುಲಭ. ರಸಮಟ್ಟವನ್ನು ಉದ್ದಕ್ಕೆ ತಿರುಗಿಸಿಟ್ಟು, ಮೂಕಿಯ ಜಾಕನ್ನು ಏರಿಸುತ್ತಲೋ ಇಳಿಸುತ್ತಲೋ ಗುಳ್ಳೆಯನ್ನು ನಡುವಿಗೆ ತರಬೇಕು. ಗಾಡಿ ಅಚ್ಚಿನ ಮೇಲೆ ಏತದಂತೆ ತೂಗುತ್ತದೆ.

ಕಟ್ಟಕಡೆಗೆ ಆಸರೆಗಾಲು. ಅವು ಗಾಡಿಯನ್ನು ಎತ್ತಲು ಮಾಡಿದವಲ್ಲ. ಅಲುಗದಂತೆ ಹಿಡಿಯಲು ಮಾಡಿದವು. ಗಾಡಿಯ ಭಾರ ಎಂದಿಗೂ ಗಾಲಿಗಳ ಮೇಲೆ, ಮೂಕಿಯ ಜಾಕಿನ ಮೇಲೆ ಇರಬೇಕು. ಮೂಲೆಗಳನ್ನು ಆಸರೆಗಾಲಿನಿಂದ ಎತ್ತಿದರೆ ಗಾಡಿಯ ಚೌಕಟ್ಟು ತಿರುಚಿಕೊಳ್ಳುತ್ತದೆ. ನಮ್ಮ ಬಾಗಿಲಿನ ಚಿಲಕ ಕೂರದೆ ಹೋದದ್ದು ಇದರಿಂದಲೇ. ಪ್ರತಿಯೊಂದು ಕಾಲಿನ ಕೆಳಗೂ ಹಲಗೆಯ ತುಂಡಿಟ್ಟು, ಪಾದ ಅದಕ್ಕೆ ತಾಕಿ ಕೈಗೆ ಬಿಗಿ ಹತ್ತಿದ ಮೇಲೆ ಇನ್ನೊಂದು ಅರ್ಧ ಸುತ್ತು ತಿರುಗಿಸಿದರೆ ಮುಗಿಯಿತು. ನಾಲ್ಕನ್ನೂ ಒಂದೇ ಹದಕ್ಕೆ ಬಿಗಿಮಾಡಬೇಕು. ಮೂರು ಕಾಲಿನ ಮಣೆ ಎಂಥ ನೆಲದ ಮೇಲೂ ಅಲುಗದೆ ಕೂರುತ್ತದೆ. ನಾಲ್ಕು ಕಾಲಿನದರಲ್ಲಿ ಒಂದು ಗಿಡ್ಡವಾದರೂ ಕುಣಿಯುತ್ತದೆ. ಇದು ತಮಗೆಲ್ಲ ಗೊತ್ತಿರುವ ವಿಷಯವೇ.

ಹೊರಡುವಾಗ ಇದೇ ಕ್ರಮ ಹಿಂದುಮುಂದಾಗಿ ನಡೆಯಬೇಕು. ಆಸರೆಗಾಲುಗಳನ್ನು ಎತ್ತಿ, ಕಾರು ಕಟ್ಟಿ, ಕೊಂಡಿ ಕೂತಿದೆಯೆಂದು ನೋಡಿ, ಸರಪಳಿ ಹಾಕಿ, ಎಲ್ಲವೂ ಆದ ಮೇಲೆ ಬೆಣೆ ತೆಗೆಯಬೇಕು. ಬೆಣೆ ಎಲ್ಲಕ್ಕಿಂತ ಕೊನೆಗೆ. ಆಸರೆಗಾಲು ಎತ್ತಲು ಮರೆತು ಗಾಡಿ ಎಳೆದರೆ ಅವು ಮುರಿದು ಹೋಗುತ್ತವೆ. ಮಳೆ ಬಂದ ರಾತ್ರಿಯ ಮಾರನೆಯ ಬೆಳಿಗ್ಗೆ ರಸಮಟ್ಟವನ್ನು ಇನ್ನೊಮ್ಮೆ ಇಟ್ಟು ನೋಡುವುದೂ ಅಗತ್ಯ.

ಇಷ್ಟಕ್ಕೂ ನಮಗೆ ಹಿಡಿದದ್ದು ಮುಕ್ಕಾಲು ಗಂಟೆ. ಆಸರೆಗಾಲಿನ ಮೇಲೆ ಗಾಡಿ ಎತ್ತಿದಾಗ ಹಿಡಿದದ್ದು ಹತ್ತು ನಿಮಿಷ. ಉಳಿಸಿದ ಅರ್ಧ ಗಂಟೆಗೆ ನಾವು ತೆತ್ತದ್ದೇನೆಂಬುದನ್ನೂ ಹೇಳಿಬಿಡುತ್ತೇನೆ. ಆರಿಸಿದ್ದ ಫ್ರಿಜ್ಜನ್ನು ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟು ಮತ್ತೆ ಹೊತ್ತಿಸಿದೆವು. ಮಾರನೆಯ ಬೆಳಿಗ್ಗೆ ಹೊತ್ತಿಗೆ ತಣ್ಣಗಾಯಿತು. ಕೊಳವೆ ಮುಚ್ಚಿರಲಿಲ್ಲ, ನಮ್ಮ ಪುಣ್ಯ. ಸೀಸೆಗಳನ್ನು ತೆಗೆದುಕೊಂಡು ನನ್ನ ಮಗಳು ಎಸ್ಟೆಸ್ ಪಾರ್ಕಿನ ಔಷಧದ ಅಂಗಡಿಗೆ ಹೋಗಿ ಕೇಳಿದಳು. ಒಡೆಯದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿಡಬೇಕು. ತಂಪಿನಿಂದ ಹೊರಗೆ ಬಂದದ್ದು ಕೂಡಲೆ ಕೆಡುವುದಿಲ್ಲ, ಆದರೆ ಸಾಮಾನ್ಯವಾಗಿ ನಾಲ್ಕು ವಾರದೊಳಗೆ ಬಳಸಿ ಮುಗಿಸಬೇಕೆಂದರು. ನಾಲ್ಕು ವಾರದಲ್ಲಿ ನನ್ನ ಹೆಂಡತಿಗೆ ಬೇಕಾದದ್ದು ಒಂದೇ ಸೀಸೆ. ಉಳಿದ ಎರಡನ್ನು ಎಸೆದು, ಆ ದೇಶದ ಬೆಲೆಗೆ ಬೇರೆ ಕೊಂಡೆವು. ಊರಿನಲ್ಲಿ ಅದೇ ಔಷಧಕ್ಕೆ ಕೊಡುವ ಹಣವನ್ನು ನೆನೆದು ಆಕೆ ಒಂದು ವಾರ ಕೊರಗಿದಳು. ಬಾಗಿದ ಆಸರೆಗಾಲಿಗೂ ದಂಡ ಕಟ್ಟಬೇಕಾಯಿತು. ತಪ್ಪು ನಮ್ಮದೇ ಆಗಿತ್ತು, ಕಟ್ಟಿದೆವು. ಇವು ಯಾವುವೂ ದೊಡ್ಡ ನಷ್ಟವಲ್ಲ. ದೊಡ್ಡ ನಷ್ಟ ಒಂದು ಗೇಣಿನಲ್ಲಿ ತಪ್ಪಿಹೋಗಿತ್ತು.

ಅಮೆರಿಕಕ್ಕೆ ಹೋಗದವರಿಗೆ ಇದರಿಂದ ಏನು ಪ್ರಯೋಜನವೆಂದು ತಾವು ಕೇಳಬಹುದು. ಈಗ ನಮ್ಮ ಅನೇಕ ಮನೆಗಳಲ್ಲಿ ಬಟ್ಟೆ ಒಗೆಯುವ ಯಂತ್ರ ಉಂಟಷ್ಟೆ. ನೀರು ಹಿಂಡುವಾಗ ಅದು ಧಡಧಡನೆ ಕುಣಿದು ಜಾಗ ಬಿಟ್ಟು ಬರುವುದನ್ನು ಕಂಡಿದ್ದೀರಿ. ನಾವು ಮಾಡುವುದೇನು? ಯಾವುದೋ ಮೂಲೆಗೆ ಮಡಿಸಿದ ಕಾಗದ ತುರುಕುತ್ತೇವೆ. ಅದರ ಬದಲು ಮೇಲೊಂದು ರಸಮಟ್ಟ ಇಟ್ಟು ಅಡ್ಡಕ್ಕೂ ಉದ್ದಕ್ಕೂ ನೋಡಿ, ಕೆಳಗಿನ ತಿರುಪುಕಾಲುಗಳನ್ನು ಒಂದೊಂದಾಗಿ ಸರಿಮಾಡಿ, ನಾಲ್ಕೂ ನೆಲಕ್ಕೆ ಒತ್ತಿ ನಿಂತಿವೆಯೆಂದು ಕೈಯಿಂದ ಅಲುಗಿಸಿ ನೋಡಿದರೆ, ಯಂತ್ರವೂ ಬಾಳುತ್ತದೆ, ಪಕ್ಕದ ಮನೆಯವರ ನಿದ್ದೆಯೂ ಉಳಿಯುತ್ತದೆ. ಏಣಿಯಿಡುವಾಗಲೂ ಹಾಗೆಯೇ, ಬೀರು ನಿಲ್ಲಿಸುವಾಗಲೂ ಹಾಗೆಯೇ. ಮೊದಲು ಮಟ್ಟ, ಆಮೇಲೆ ಬಿಗಿ. ಬಿಗಿಯಿಂದ ಮಟ್ಟ ತರಲು ಹೋಗಬಾರದು.

ಮೂರನೆಯ ದಿನ ಬೆಳಿಗ್ಗೆ ನಾವು ಹೊರಟೆವು. ಮುದುಕರಿಗೆ ಅವರ ಹಲಗೆಗಳನ್ನೂ ಬೆಣೆಗಳನ್ನೂ ತೊಳೆದು ಹಿಂದಿರುಗಿಸಿ, ಒಂದು ಡಬ್ಬಿ ಚಟ್ನಿಪುಡಿಯನ್ನೂ ಕೊಟ್ಟೆವು. ಅವರು ಡಬ್ಬಿ ತೆರೆದು ಮೂಸಿ ನೋಡಿ, ಇದನ್ನು ಗಾಲಿಗೆ ಹಾಕುವುದೋ ಬಾಯಿಗೆ ಹಾಕುವುದೋ ಎಂದು ಕೇಳಿದರು. ಅವರ ಗಾಡಿಯ ಹತ್ತಿರವೇ ನಿಂತಿದ್ದ ನಮ್ಮ ಮೊಮ್ಮಗಳು ಅದರ ಗಾಲಿಗಳನ್ನು ಒಂದೊಂದಾಗಿ ಬಗ್ಗಿ ನೋಡಿ ಬಂದು, "ತಾತ, ಅವರದ್ದಕ್ಕೆ ನಾಲ್ಕೂ ಕಡೆ ಕೊಟ್ಟಿದ್ದಾರೆ" ಎಂದಳು. ಮುಂದಿನ ಬೇಸಗೆಯಲ್ಲಿ ಅವರು ಮತ್ತೆ ಗಾಡಿ ಬಾಡಿಗೆಗೆ ತಂದಾಗ ಬೆಣೆ ಕೊಡುವವರೆಗೆ ಕೊಂಡಿಗೆ ಕೈಹಾಕಲು ಅವಳು ತನ್ನ ತಂದೆಯನ್ನು ಬಿಡಲಿಲ್ಲವೆಂದು ಮಗಳು ದೂರವಾಣಿಯಲ್ಲಿ ತಿಳಿಸಿದಳು.